ಬೋರ್ ನೀರು ಕುದಿಸಿದರೆ ಫ್ಲೋರೈಡ್ ಹೋಗುತ್ತದೆಯೇ?

ಪ್ರಶ್ನೆ: ಬಳ್ಳಾರಿ ಹೊರವಲಯದ ಹೊಸ ಬಡಾವಣೆಗೆ ಬಂದು ಎರಡು ವರ್ಷವಾಯಿತು. ನಳದ ನೀರು ವಾರಕ್ಕೊಮ್ಮೆ, ಉಳಿದ ದಿನ ಬೋರ್ ನೀರೇ ಗತಿ. ಕುದಿಸಿ ಆರಿಸಿ ಕುಡಿಯುತ್ತೇವೆ. ಟಿಡಿಎಸ್ ಮೀಟರ್ 480 ತೋರಿಸಿತು, ನೀರು ಚೆನ್ನಾಗಿದೆ ಎಂದರು. ಆದರೆ ಏಳು ವರ್ಷದ ಮಗಳ ಹೊಸ ಹಲ್ಲುಗಳ ಮೇಲೆ ಬಿಳಿ ಗೀರುಗಳು ಕಾಣುತ್ತಿವೆ. ಮಗನಿಗೆ ಎರಡು ವರ್ಷ. ಭಯವಾಗುತ್ತಿದೆ.
– ಒಬ್ಬ ತಾಯಿ, ಬಳ್ಳಾರಿ

ಉತ್ತರ: ನಿಮ್ಮ ಭಯಕ್ಕೆ ಕಾರಣವಿದೆ ತಾಯಿ. ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೆ ರೂಪುಗೊಳ್ಳುತ್ತಿರುವ ಹಲ್ಲಿನ ಮೇಲೆ ಇಂಥ ಗೀರು ಮೂಡಬಹುದು. ಕುದಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಟಿಡಿಎಸ್ ಮೀಟರ್ ಕರಗಿದ ಲವಣ ಒಟ್ಟು ಎಷ್ಟು ಎಂದಷ್ಟೇ ಹೇಳುತ್ತದೆ. ಆ 480ರೊಳಗೆ ಎರಡು ಮಿಲಿಗ್ರಾಂ ಫ್ಲೋರೈಡ್ ಇದ್ದರೂ ಅದಕ್ಕೆ ಗೊತ್ತಾಗದು. ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಸಿಗದ ಕಡೆ ಮಾತ್ರ 1.5. ನಮ್ಮ ನೆಲದಡಿಯ ಗ್ರಾನೈಟ್ ಬಂಡೆಯ ಸಂದುಗಳಲ್ಲಿ ನೀರು ವರ್ಷಗಟ್ಟಲೆ ನಿಂತು ಕಲ್ಲಿನ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ.

ಮಗಳ ಹಲ್ಲನ್ನು ದಂತವೈದ್ಯರಿಗೆ ತೋರಿಸಿ, ಬಿಳಿ ಗೀರಿಗೆ ಬೇರೆ ಕಾರಣಗಳೂ ಇರುತ್ತವೆ. ಒಂದು ಮಾತು: ಮುಂಭಾಗದ ಆ ಹಲ್ಲುಗಳ ಹೊರಪದರ ವಸಡಿನೊಳಗೆ ರೂಪುಗೊಂಡದ್ದು ಮೊದಲ ನಾಲ್ಕೈದು ವರ್ಷಗಳಲ್ಲಿ. ಅಂದರೆ ಆಗ ನೀವಿದ್ದ ಊರಿನ ನೀರಿನ ಗುರುತೂ ಅದರಲ್ಲಿರಬಹುದು. ಮಗನ ಹಲ್ಲು ಈಗ ರೂಪುಗೊಳ್ಳುತ್ತಿದೆ. ಅದಕ್ಕೇ ಆತುರ.

ಈ ವಾರವೇ ಬೋರ್ ನೀರನ್ನು ಪರೀಕ್ಷೆಗೆ ಕೊಡಿ, ಜಿಲ್ಲಾ ಮಟ್ಟದಲ್ಲಿ ನೀರು ಪರೀಕ್ಷಾ ಪ್ರಯೋಗಾಲಯವಿದೆ. ಮೋಟರ್ ಹಾಕಿ ಐದು ನಿಮಿಷ ನೀರು ಹರಿಯಲಿ. ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಲ್ಲಿ ಮೂರು ಸಲ ತೊಳೆದು ಕಂಠದವರೆಗೆ ತುಂಬಿ. ಗಾಜಿನ ಬಾಟಲಿ ಬೇಡ. ನೈಟ್ರೇಟನ್ನೂ ನೋಡಲು ಹೇಳಿ: ಒಳಚರಂಡಿ ಇಲ್ಲದ ಬಡಾವಣೆಯಲ್ಲಿ ಶೌಚದ ಗುಂಡಿಯ ನೀರು ನೈಟ್ರೇಟ್ ಹೊತ್ತು ಬೋರಿಗೆ ಇಳಿಯಬಹುದು. ನೈಟ್ರೇಟಿನ ಮಿತಿ ಲೀಟರಿಗೆ 45 ಮಿಲಿಗ್ರಾಂ, ಅದೂ ಕುದಿಸಿದರೆ ಹೋಗದು. ರೋಗಾಣು ಪರೀಕ್ಷೆಗೆ ಪ್ರಯೋಗಾಲಯದವರೇ ಕೊಡುವ ಶುದ್ಧ ಬಾಟಲಿ ಬೇಕು.

ವರದಿ ಬರುವವರೆಗೆ ಮಕ್ಕಳಿಗೆ ನಳದ ನೀರನ್ನೇ ಇಟ್ಟುಕೊಳ್ಳಿ. ತುಂಗಭದ್ರೆಯ ಈ ನೀರಿನಲ್ಲಿ ಫ್ಲೋರೈಡ್ ಭಯ ಕಡಿಮೆ, ರೋಗಾಣು ಭಯ ಹೆಚ್ಚು. ವಾರವಿಡೀ ಖಾಲಿ ಇದ್ದ ಪೈಪು ಸೋರುವ ಕಡೆ ಚರಂಡಿ ನೀರನ್ನು ಎಳೆದುಕೊಳ್ಳುತ್ತದೆ. 2022ರಲ್ಲಿ ರಾಯಚೂರಿನಲ್ಲಿ ಕಲುಷಿತ ನೀರು ಕುಡಿದು ಜನ ಸತ್ತದ್ದನ್ನು ನಾನು ಮರೆತಿಲ್ಲ. ಮೊದಲು ಬರುವ ಕಲಕು ನೀರನ್ನು ಚೆಲ್ಲಿ, ತಿಳಿ ನೀರು ಹಿಡಿದು, ಕುದಿಸಿ, ಮುಚ್ಚಿಡಿ.

ಫ್ಲೋರೈಡ್ ಹೆಚ್ಚಿದ್ದರೆ, ನೀರನ್ನು ಪೊರೆಯಲ್ಲಿ ಸೋಸುವ ಆರ್‌ಒ ಯಂತ್ರ ಅದನ್ನು ತಡೆಯುತ್ತದೆ, ಆದರೆ ಅದರ ಪೊರೆ ಸವೆಯುತ್ತದೆ. ಯಂತ್ರದಿಂದ ಬಂದ ನೀರನ್ನೂ ಆಗಾಗ ಪರೀಕ್ಷಿಸಿ. ಕಾಸು ಹಾಕಿ ಕ್ಯಾನ್ ತುಂಬಿಸುವ ಘಟಕದಲ್ಲೂ ಪೊರೆ ಯಾವಾಗ ಬದಲಿಸಿದರು ಎಂದು ಕೇಳಿ, ಸಂಕೋಚ ಬೇಡ.

ಕುಡಿಯಲು ಕ್ಯಾನ್ ನೀರು, ಅಡುಗೆಗೆ ಬೋರ್ ನೀರು ಎನ್ನುವ ಮನೆಗಳು ನಮ್ಮಲ್ಲಿ ಬಹಳ. ಅನ್ನ, ಬೇಳೆ, ರೊಟ್ಟಿ ಹಿಟ್ಟಿಗೆ ಸುರಿಯುವ ನೀರಿನ ಫ್ಲೋರೈಡೂ ಹೊಟ್ಟೆಗೇ ಹೋಗುತ್ತದೆ. ಮಗನ ಗಂಜಿಗೂ ಒಳ್ಳೆಯ ನೀರನ್ನೇ ಹಾಕಿ.