ಹಣ್ಣು ತಾಯಿಯದು, ಬೀಜ ಇಬ್ಬರದು

ಪ್ರಶ್ನೆ: ಎರಡು ವರ್ಷದ ಹಿಂದೆ ಕೆ.ಆರ್. ಮಾರ್ಕೆಟ್ಟಿನಿಂದ ಒಂದು ಪರಂಗಿ ಹಣ್ಣು ತಂದಿದ್ದೆ. ಉದ್ದ ಹಣ್ಣು, ಒಳಗೆ ಕೆಂಪು, ತುಂಬಾ ಸಿಹಿ. ಬೀಜ ಒಣಗಿಸಿ ಹಿತ್ತಲಲ್ಲಿ ಹಾಕಿದೆ. ಮೂರು ಗಿಡ ಉಳಿದವು. ಎರಡರಲ್ಲಿ ಅದೇ ಥರ ಉದ್ದ, ಕೆಂಪು ಹಣ್ಣು. ಮೂರನೆಯದರಲ್ಲಿ ಮಾತ್ರ ಗುಂಡು ಹಣ್ಣು, ಕೊಯ್ದರೆ ಹಳದಿ. ಒಂದೇ ಹಣ್ಣಿನ ಬೀಜ ಹೀಗೇಕೆ? ಅದರಲ್ಲಿ ಗಂಡು ಸೇರಿದೆ, ಕಾಂಡಕ್ಕೆ ಕಬ್ಬಿಣದ ಮೊಳೆ ಹೊಡೆಯಿರಿ ಎನ್ನುತ್ತಾರೆ ಪಕ್ಕದ ಮನೆಯವರು.
– ಒಬ್ಬ ಗೃಹಿಣಿ, ಉತ್ತರಹಳ್ಳಿ

ಉತ್ತರ: ದಯವಿಟ್ಟು ಮೊಳೆ ಹೊಡೆಯಬೇಡಿ. ನಿಮ್ಮ ಮೂರು ಗಿಡಗಳಲ್ಲಿ ಅಪ್ಪಟ ಹೆಣ್ಣು ಅಂದರೆ ಆ ಗುಂಡು ಹಣ್ಣಿನದೊಂದೇ.

ಪರಂಗಿಯಲ್ಲಿ ಮೂರು ಬಗೆಯ ಗಿಡಗಳಿವೆ. ಗಂಡು ಗಿಡದಲ್ಲಿ ಉದ್ದನೆಯ ತೊಟ್ಟು ಇಳಿಬಿದ್ದು ಅದರ ತುಂಬ ಸಣ್ಣ ಹೂಗಳಿರುತ್ತವೆ. ಹೆಣ್ಣು ಗಿಡದ ಮೊಗ್ಗು ಬುಡದಲ್ಲಿ ದಪ್ಪ, ತುದಿಯಲ್ಲಿ ಚೂಪು, ಕಾಯಿ ಗುಂಡಗಾಗುತ್ತದೆ. ಮೂರನೆಯದು ದ್ವಿಲಿಂಗಿ. ಒಂದೇ ಹೂವಿನಲ್ಲಿ ಕೇಸರವೂ ಅಂಡಾಶಯವೂ ಇರುತ್ತವೆ, ಮೊಗ್ಗು ಸಪೂರ, ಕಾಯಿ ಉದ್ದ. ಅಂಗಡಿಯವರು ಇಷ್ಟಪಡುವುದು ಈ ಉದ್ದ ಹಣ್ಣನ್ನೇ. ನೀವು ತಂದದ್ದೂ ಅದೇ.

ನಮ್ಮಲ್ಲಿರುವಂತೆ ಪರಂಗಿಯಲ್ಲೂ ಲಿಂಗ ನಿರ್ಧರಿಸುವ ವರ್ಣತಂತುಗಳಿವೆ. ಎರಡು ಎಕ್ಸ್ ಸೇರಿದರೆ ಹೆಣ್ಣು. ಒಂದು ಎಕ್ಸ್ ಜೊತೆ ಒಂದು ವೈ ಸೇರಿದರೆ ಗಂಡು. ಆ ವೈ ತುಸು ಬೇರೆ ಬಗೆಯದಾದರೆ ದ್ವಿಲಿಂಗಿ. ಎರಡೂ ವೈ ಆಗಿಬಿಟ್ಟರೆ ಭ್ರೂಣ ಬೀಜದೊಳಗೇ ಸಾಯುತ್ತದೆ. ಬದುಕಲು ಬೇಕಾದ ಯಾವುದೋ ಜೀನು ಎಕ್ಸ್‌ನಲ್ಲಿದೆ, ವೈನಲ್ಲಿ ಕಳೆದುಹೋಗಿದೆ. ಹಾಗಾಗಿ ದ್ವಿಲಿಂಗಿ ಹಣ್ಣಿನ ಬೀಜ ಬಿತ್ತಿದರೆ ನಾಲ್ಕರಲ್ಲಿ ಒಂದು ಪಾಲು ಹುಟ್ಟುವುದೇ ಇಲ್ಲ, ಉಳಿದ ಮೂರು ಪಾಲಿನಲ್ಲಿ ಎರಡು ದ್ವಿಲಿಂಗಿ, ಒಂದು ಹೆಣ್ಣು. ನಿಮ್ಮ ಹಿತ್ತಲಲ್ಲಿ ಮೂರೇ ಗಿಡದಲ್ಲಿ ಲೆಕ್ಕ ಸರಿಹೋಗಿದೆ. ಎಲ್ಲರಿಗೂ ಹೀಗೆ ಸಿಗುವುದಿಲ್ಲ. ಮೂರಕ್ಕೆ ಮೂರೂ ದ್ವಿಲಿಂಗಿಯಾಗಿದ್ದರೂ ಆಶ್ಚರ್ಯವಿರಲಿಲ್ಲ.

ಇನ್ನು ಹಳದಿ. ನನಗೆ ನಿಮ್ಮ ಪತ್ರದಲ್ಲಿ ಬಹಳ ಸಂತೋಷ ಕೊಟ್ಟದ್ದು ಇದೇ. ಕೆಂಪು ಪರಂಗಿಯ ಬಣ್ಣ ಲೈಕೋಪೀನ್‌ನದು, ಟೊಮ್ಯಾಟೊದಲ್ಲಿರುವಂಥದೇ. ಹಳದಿ ಪರಂಗಿಯಲ್ಲಿ ಒಂದು ಕಿಣ್ವ ಆ ಲೈಕೋಪೀನನ್ನು ಮುಂದಕ್ಕೆ ಪರಿವರ್ತಿಸುತ್ತದೆ. ಕೆಂಪು ತಳಿಯಲ್ಲಿ ಆ ಕಿಣ್ವದ ಜೀನು ಕೆಟ್ಟಿದೆ, ಕೆಲಸ ಅರ್ಧಕ್ಕೆ ನಿಂತು ಕೆಂಪು ಹಾಗೇ ಉಳಿಯುತ್ತದೆ. ಕೆಟ್ಟ ಜೀನು ತಾಯಿ ತಂದೆ ಇಬ್ಬರಿಂದಲೂ ಬಂದರಷ್ಟೇ ಹಣ್ಣು ಕೆಂಪು. ಒಬ್ಬರಿಂದ ಸರಿಯಾದದ್ದು ಬಂದರೂ ಸಾಕು, ಹಳದಿ. ಅಂದರೆ ನೀವು ತಿಂದ ಆ ಹಣ್ಣಿಗೆ ಹಳದಿ ತಳಿಯ ಪರಾಗ ಎಲ್ಲಿಂದಲೋ ಬಂದಿತ್ತು. ಹಣ್ಣಿನ ತಿರುಳು ಪೂರ್ತಿ ತಾಯಿ ಗಿಡದ್ದು, ಆದ್ದರಿಂದ ಅದು ಕೆಂಪಗೇ ಇತ್ತು. ತಂದೆ ಬಂದುಹೋದ ಗುರುತು ಬೀಜದೊಳಗೆ ಕೂತಿತ್ತು. ಅದು ನಿಮಗೆ ಕಂಡದ್ದು ಎರಡು ವರ್ಷದ ಮೇಲೆ.

ಮೊಳೆಯ ವಿಚಾರ. ತ್ಯಾಗರಾಜನಗರದ ನಮ್ಮ ಹಳೆಯ ಮನೆಯಲ್ಲಿ ಅಪ್ಪನೂ ಒಂದು ಗಂಡು ಗಿಡಕ್ಕೆ ಹೊಡೆದಿದ್ದರು. ಗಾಯದಲ್ಲಿ ಮಳೆನೀರು ಇಳಿದು ಕಾಂಡ ಕೊಳೆತು, ಗೌರಿಹಬ್ಬದ ಹೊತ್ತಿಗೆ ಗಿಡ ನೆಲಕ್ಕೊರಗಿತು. ಹವೆ ಬದಲಾದಾಗ ಗಂಡು ಗಿಡಗಳು ತಾವಾಗಿಯೇ ಒಂದೆರಡು ಕಾಯಿ ಕಚ್ಚುವುದುಂಟು. ಮೊಳೆಯ ನಂಬಿಕೆ ಹುಟ್ಟಿದ್ದು ಅದರಿಂದಲೇ ಇರಬೇಕು.

ಮುಂದಿನ ಸಲ ಒಂದೊಂದು ಗುಂಡಿಗೆ ಮೂರು ನಾಲ್ಕು ಸಸಿ ಇಡಿ. ಮೊಗ್ಗು ಬರುವವರೆಗೆ ಯಾವುದು ಏನೆಂದು ನೋಡಿ ಹೇಳಲು ಬರುವುದಿಲ್ಲ. ಮೊಗ್ಗು ನೋಡಿ ದ್ವಿಲಿಂಗಿ ಒಂದನ್ನು ಉಳಿಸಿಕೊಳ್ಳಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸೂರ್ಯ, ಅರ್ಕಾ ಪ್ರಭಾತ್ ತಳಿಗಳಲ್ಲಿ ಗಂಡು ಗಿಡದ ತಾಪತ್ರಯವಿಲ್ಲ. ಆದರೆ ಆ ಹಳದಿ ಹಣ್ಣಿನ ಗಿಡ ಕಡಿಯಬೇಡಿ, ಪಕ್ಕದಲ್ಲೇ ಎರಡು ದ್ವಿಲಿಂಗಿಗಳಿರುವಾಗ ಅದಕ್ಕೆ ಪರಾಗದ ಕೊರತೆಯಾಗುವುದಿಲ್ಲ.

ಪ್ರಶ್ನೆ: ತಾರಸಿ ತೋಟದಲ್ಲಿ ಸೋರೆ ಬಳ್ಳಿ, ಹಾಗಲ ಬಳ್ಳಿ ಒಂದೇ ಚಪ್ಪರಕ್ಕೆ ಹಬ್ಬಿಸಿದ್ದೇನೆ. ಈ ಸಲ ಸೋರೆಕಾಯಿ ಕಹಿ. ಹಾಗಲದ ಪರಾಗ ತಾಗಿರಬಹುದೇ? ಬೀಜ ಹೋದ ವರ್ಷದ ನಮ್ಮದೇ ಕಾಯಿಯದು. ಕಹಿಯಾದರೂ ಜ್ಯೂಸ್ ಮಾಡಿ ಕುಡಿದರೆ ಸಕ್ಕರೆ ಕಾಯಿಲೆಗೆ ಒಳ್ಳೆಯದಲ್ಲವೇ?
– ನಿವೃತ್ತ ನೌಕರರು, ರಾಜಾಜಿನಗರ

ಉತ್ತರ: ಮೊದಲು ಕೊನೆಯ ಮಾತಿಗೆ ಬರುತ್ತೇನೆ. ಕುಡಿಯಬೇಡಿ ಸ್ವಾಮಿ. ಒಂದು ಲೋಟವೂ ಬೇಡ, ಅರ್ಧ ಲೋಟವೂ ಬೇಡ. ನನ್ನ ನಾದಿನಿ ಹೀಗೆಯೇ ಬೆಳಗ್ಗೆ ಕಣ್ಣು ಮುಚ್ಚಿ ಕುಡಿದಳು. ಅರ್ಧ ಗಂಟೆಯಲ್ಲಿ ವಾಂತಿ ಶುರು, ಮಧ್ಯಾಹ್ನಕ್ಕೆ ವಾಂತಿಯಲ್ಲಿ ರಕ್ತ. ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಬದುಕಿ ಬಂದಳು. ಕಹಿ ಸೋರೆ ರಸ ಕುಡಿದು ಸತ್ತವರೂ ನಮ್ಮ ದೇಶದಲ್ಲಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರ ಸಮಿತಿ ಇದನ್ನು ಪರಿಶೀಲಿಸಿ ಕಹಿ ರಸ ಕುಡಿಯಲೇಬಾರದೆಂದು ಹೇಳಿದೆ. ಆ ಕಹಿ ಕುಕುರ್ಬಿಟಾಸಿನ್ ಎಂಬ ವಿಷದ್ದು. ಬೇಯಿಸಿದರೂ ಹೋಗುವುದಿಲ್ಲ, ಇದಕ್ಕೆ ಪ್ರತ್ಯೇಕ ಮದ್ದೂ ಇಲ್ಲ. ಸೋರೆಕಾಯಿ ಹೆಚ್ಚುವ ಮುನ್ನ ತುದಿಯ ಒಂದು ಚೂರು ನಾಲಿಗೆಗೆ ತಾಗಿಸಿ ನೋಡಿ. ಕಹಿ ಎನಿಸಿದರೆ ಉಗಿದು ಕಾಯಿ ಎಸೆಯಿರಿ.

ಹಾಗಲದ ಮೇಲೆ ತಪ್ಪು ಹೊರಿಸಬೇಡಿ. ಹಾಗಲದ ಕುಲವೇ ಬೇರೆ, ಅದರ ಪರಾಗ ಸೋರೆಯಲ್ಲಿ ಕಾಯಿ ಕಟ್ಟುವುದಿಲ್ಲ. ಕಟ್ಟಿತೆಂದೇ ಇಟ್ಟುಕೊಳ್ಳಿ, ಈ ವರ್ಷದ ಕಾಯಿಯ ತಿರುಳು ಬಳ್ಳಿಯದ್ದೇ ತಾನೆ? ಉತ್ತರಹಳ್ಳಿಯವರಿಗೆ ಹೇಳಿದ್ದೇ ನಿಮಗೂ. (ತೆಂಗು, ಜೋಳದ ವಿಷಯ ಬೇರೆ. ಅಲ್ಲಿ ನಾವು ತಿನ್ನುವುದು ಬೀಜವನ್ನೇ, ಆದ್ದರಿಂದ ತಂದೆಯ ಗುಣ ಅದೇ ಫಸಲಿನಲ್ಲಿ ತೋರುತ್ತದೆ. ಸಿಹಿ ಜೋಳವನ್ನು ಮಾಮೂಲಿ ಮುಸುಕಿನ ಜೋಳದ ಪಕ್ಕ ಬೆಳೆದವರಿಗೆ ಇದು ಗೊತ್ತು.)

ಅನುಮಾನ ಹೋದ ವರ್ಷದ ಬೀಜದ ಮೇಲೆ. ಸೋರೆ ಹೂ ಅರಳುವುದು ಸಂಜೆ. ಬಿಳಿ ಹೂವಿಗೆ ರಾತ್ರಿ ಪತಂಗಗಳು ಬರುತ್ತವೆ, ಅವು ಎಲ್ಲಿಯ ಕಹಿ ಸೋರೆಯ ಪರಾಗ ತರುತ್ತವೆಯೋ ಬಲ್ಲವರಿಲ್ಲ. ನಾನು ಬೀಜದ ತಾಕಿನಲ್ಲಿ 22 ವರ್ಷ ಕೆಲಸ ಮಾಡಿದವಳು. ಸಂಜೆ ನಾಲ್ಕಕ್ಕೆಲ್ಲ, ಅಂದೇ ಅರಳಲಿರುವ ಮೊಗ್ಗುಗಳಿಗೆ ಕಾಗದದ ಚೀಲ ಕಟ್ಟಿ, ಅರಳಿದ ಮೇಲೆ ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ಸವರಿ, ಮತ್ತೆ ಚೀಲ ಕಟ್ಟುತ್ತಿದ್ದೆವು. ಒಂದು ಚೀಲ ಗಾಳಿಗೆ ಹಾರಿದರೂ ಆ ಕಾಯಿಯ ಬೀಜ ಲೆಕ್ಕಕ್ಕೆ ಸೇರುತ್ತಿರಲಿಲ್ಲ. ಮನೆಯಲ್ಲೂ ಇದನ್ನು ಮಾಡಬಹುದು, ಒಂದು ಕಾಯಿಗೆ ಸಾಕು. ಈಗಿನ ಬಳ್ಳಿ ಕಿತ್ತುಹಾಕಿ, ಅದರ ಬೀಜ ಯಾರಿಗೂ ಕೊಡಬೇಡಿ.

ಪ್ರಶ್ನೆ: ಬಿಳಿ ನಿತ್ಯಪುಷ್ಪಕ್ಕೆ ಗುಲಾಬಿ ಬಣ್ಣದ್ದಕ್ಕಿಂತ ಔಷಧಿ ಗುಣ ಹೆಚ್ಚೆಂದು ನಮ್ಮ ಅತ್ತೆ ದಿನಾ ನಾಲ್ಕು ಎಲೆ ಅಗಿಯುತ್ತಾರೆ. ಶುಗರ್ ಇದೆ. ನಿಜವೇ?
– ಸೊಸೆ, ಯಶವಂತಪುರ

ಉತ್ತರ: ಹೂವಿನ ಬಣ್ಣಕ್ಕೆ ಬೇರೆ ಜೀನುಗಳು, ಎಲೆಯ ಸಸ್ಯಕ್ಷಾರಗಳಿಗೆ (ಆಲ್ಕಲಾಯ್ಡ್ ಎಂಬ ಮದ್ದಿನ ಅಂಶಗಳಿಗೆ) ಬೇರೆ. ಬಿಳಿ ಬಣ್ಣ ನೋಡಿ ಮದ್ದು ಅಳೆಯಲು ಬರುವುದಿಲ್ಲ.

ಕೆನಡಾದ ವಿಜ್ಞಾನಿಗಳಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬೀರ್ ಕೂಡ ನಿಮ್ಮ ಅತ್ತೆಯಂತೆ ಸಕ್ಕರೆ ಕಾಯಿಲೆಯ ಗುಣ ಹುಡುಕುತ್ತಲೇ ಈ ಎಲೆಗೆ ಕೈ ಹಾಕಿದ್ದು. ಇಲಿಗಳ ಸಕ್ಕರೆ ಇಳಿಯಲಿಲ್ಲ. ರಕ್ತದ ಬಿಳಿಕಣಗಳು ಕುಸಿದು, ಸೋಂಕು ತಗುಲಿ ಇಲಿಗಳು ಸತ್ತವು. ಆ ಜಾಡು ಹಿಡಿದು 1958ರಲ್ಲಿ ಅವರು ವಿನ್‌ಬ್ಲಾಸ್ಟಿನ್ ಕಂಡುಹಿಡಿದರು, ಕ್ಯಾನ್ಸರ್‌ಗೆ ಮದ್ದಾಯಿತು. ಗಿಡ ಅದನ್ನು ಮಾಡುವುದು ಎರಡು ತುಂಡುಗಳನ್ನು ಬೇರೆ ಬೇರೆ ಕಟ್ಟಿ, ಕೊನೆಗೆ ಬೆಸೆದು; ಅದೂ ಎಷ್ಟು ಕಡಿಮೆ ಎಂದರೆ ಒಂದು ಗ್ರಾಂಗೆ ಸುಮಾರು 500 ಕೆ.ಜಿ. ಒಣ ಎಲೆ ಬೇಕು. 2022ರಲ್ಲಿ ಆ ಎರಡೂ ತುಂಡುಗಳನ್ನು ಮಾಡುವ ಜೀನುಗಳನ್ನು ವಿಜ್ಞಾನಿಗಳು ಯೀಸ್ಟ್‌ಗೆ ಸೇರಿಸಿ, ತುಂಡುಗಳನ್ನು ಅದರಿಂದ ಪಡೆದು, ಕೊನೆಯ ಬೆಸುಗೆಯನ್ನು ಪ್ರಯೋಗಾಲಯದಲ್ಲಿ ಮಾಡಿ ತೋರಿಸಿದ್ದಾರೆ.

ಅದೇ ಗಿಡದ ಇನ್ನೊಂದು ಸಸ್ಯಕ್ಷಾರ ವಿನ್‌ಕ್ರಿಸ್ಟಿನ್. ನನ್ನ ತಂಗಿಯ ಮೊಮ್ಮಗನಿಗೆ ಆರನೇ ವಯಸ್ಸಿನಲ್ಲಿ ರಕ್ತದ ಕ್ಯಾನ್ಸರ್ ಬಂದಾಗ ಕೊಟ್ಟ ಮದ್ದುಗಳಲ್ಲಿ ಅದೂ ಒಂದು. ಪ್ರತಿ ಸಲವೂ ಮಗುವಿನ ಎತ್ತರ, ತೂಕ ನೋಡಿ, ರಕ್ತ ಪರೀಕ್ಷೆ ಮಾಡಿ, ಮಿಲಿಗ್ರಾಂ ಲೆಕ್ಕದಲ್ಲಿ ರಕ್ತನಾಳಕ್ಕೆ ಕೊಡುತ್ತಿದ್ದರು. ಈಗ ಅವನು ಪಿಯುಸಿ ಓದುತ್ತಿದ್ದಾನೆ. ಅಂಥ ಮದ್ದಿರುವ ಎಲೆಯನ್ನು ನಿಮ್ಮ ಅತ್ತೆಯವರು ಅಳತೆಯಿಲ್ಲದೆ ಅಗಿಯುತ್ತಿದ್ದಾರೆ. ಇವತ್ತಿನಿಂದಲೇ ನಿಲ್ಲಿಸಲು ಹೇಳಿ. ಶುಗರ್ ನೋಡುವ ಡಾಕ್ಟರ ಬಳಿ ಕರೆದೊಯ್ದಾಗ, ಇಷ್ಟು ದಿನ ಈ ಎಲೆ ತಿಂದಿದ್ದಾರೆ ಎಂಬುದನ್ನು ಮುಚ್ಚಿಡದೆ ಹೇಳಿ, ಬಿಳಿಕಣಗಳ ಎಣಿಕೆಯನ್ನೂ ಮಾಡಿಸಬೇಕೇ ಎಂದು ಕೇಳಿ. ಹೂವನ್ನು ದೇವರಿಗಿಡಲು ಯಾವ ಅಡ್ಡಿಯೂ ಇಲ್ಲ.