ಇಂಪಲ್ಸ್ ಬೈಕು ಆಯಿಲ್ ಕುಡಿಯುತ್ತಿದ್ದರೆ ಮೊದಲು ಹೊಗೆ ನೋಡಿ

ನಿಮ್ಮ 2012ರ ಹೀರೋ ಇಂಪಲ್ಸ್ ಬೈಕು 500 ಕಿ.ಮೀ.ಗೆ ಕಾಲು ಲೀಟರ್ ಆಯಿಲ್ ಕುಡಿಯುತ್ತಿದೆ, ಮೆಕ್ಯಾನಿಕ್ ಬೋರ್ ಮಾಡಿಸಿ (ಸವೆದ ಸಿಲಿಂಡರಿನ ಒಳಗೋಡೆಯನ್ನು ಕೊರೆಸಿ ಸಮ ಮಾಡಿಸಿ) ಎನ್ನುತ್ತಿದ್ದಾರೆ ಎಂದು ಕೇಳಿದ್ದೀರಿ. ಸ್ವಲ್ಪ ತಡೆಯಿರಿ. ಹೊಗೆ ಯಾವಾಗ ಬರುತ್ತದೆ ಎಂಬುದನ್ನು ನೀವು ಹೇಳಿಲ್ಲ. ಅರ್ಧ ಉತ್ತರ ಅಲ್ಲಿಯೇ ಇದೆ.

ರಾತ್ರಿಯಿಡೀ ನಿಂತ ಬೈಕು ಬೆಳಿಗ್ಗೆ ಸ್ಟಾರ್ಟ್ ಆದೊಡನೆ ನೀಲಿ ಹೊಗೆ ಉಗುಳಿ ಸುಮ್ಮನಾಗುತ್ತದೆಯೇ? ಥ್ರಾಟಲ್ ಬಿಟ್ಟು ಘಾಟಿ ಇಳಿದು, ಮತ್ತೆ ತಿರುಚಿದ ಕೂಡಲೇ ಒಂದು ಮೋಡ ಏಳುತ್ತದೆಯೇ? ಹಾಗಿದ್ದರೆ ಬಹುಮಟ್ಟಿಗೆ ವಾಲ್ವ್ ಸೀಲ್, ಅಂದರೆ ವಾಲ್ವಿನ ಕಡ್ಡಿಯ ಸುತ್ತ ಆಯಿಲ್ ತಡೆಯುವ ರಬ್ಬರ್, ಗಟ್ಟಿಯಾಗಿ ಆಯಿಲ್ ಒಳಗೆ ಬಿಡುತ್ತಿದೆ. ಏರಿನಲ್ಲಿ ಎಳೆಯುವಾಗ ಹೊಗೆ ಬಿಡದೆ ಬಂದರೆ ಪಿಸ್ಟನ್ ಸುತ್ತಲಿನ ರಿಂಗಿನ ಮೇಲೆ ಅನುಮಾನ. ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಅಳೆಸಿ, ಸ್ಪಾರ್ಕ್ ಪ್ಲಗ್ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೊಮ್ಮೆ ಅಳೆಸಿ. ಗೇಜಿನ ಮುಳ್ಳು ಮೊದಲಿಗಿಂತ ಚೆನ್ನಾಗಿ ಮೇಲೇರಿದರೆ ರಿಂಗ್ ಅಥವಾ ಬೋರ್ ಸವೆದಿದೆ. ಆಗ ಮೆಕ್ಯಾನಿಕ್ ಹೇಳಿದ್ದೇ ಸರಿ.

ಏರ್ ಫಿಲ್ಟರ್ ಡಬ್ಬಿಯನ್ನೂ ತೆರೆಯಿರಿ. ತಳದಲ್ಲಿ ಆಯಿಲ್ ನಿಂತಿದ್ದರೆ ಅದು ಬ್ರೀದರ್ ಪೈಪಿನಿಂದ (ಎಂಜಿನ್ನಿನೊಳಗಿನ ಗಾಳಿ ಹೊರಬಿಡುವ ಕೊಳವೆಯಿಂದ) ಬಂದದ್ದು. ಆಯಿಲ್ ಅಳತೆ ಮೀರಿ ಸುರಿದರೂ ಹೀಗಾಗುತ್ತದೆ. ಫಿಲ್ಟರಿನ ಆಚೆ, ಎಂಜಿನ್ ಕಡೆಯ ಬದಿ ಬೆರಳಾಡಿಸಿದಾಗ ಕೆಂಧೂಳು ಹತ್ತಿದರೆ ಧೂಳು ಒಳಗೆ ನುಗ್ಗುತ್ತಿದೆ; ಬೋರ್ ತಿಂದ ಕಳ್ಳ ಸಿಕ್ಕ ಹಾಗೆಯೇ.

ನಾನೂ ಒಮ್ಮೆ ಅವಸರಪಟ್ಟು ಬೋರ್ ಮಾಡಿಸಿದೆ. ಹೊಗೆ ನಿಲ್ಲಲಿಲ್ಲ. ಹೋಗಿದ್ದದ್ದು ಬೆರಳ ತುದಿಯಷ್ಟಿದ್ದ ರಬ್ಬರ್ ಸೀಲ್.