ಯುದ್ಧೋತ್ತರ ಜರ್ಮನ್ ಕಾದಂಬರಿಗಳಲ್ಲಿ ಮೂರು ತಲೆಮಾರು: ಎಂ.ಎ. ಪ್ರಬಂಧಕ್ಕೆ ಯಾವ ಮೂರು ಪುಸ್ತಕ ಆರಿಸಲಿ?

ಎರಡನೇ ಮಹಾಯುದ್ಧ ಮಾಡಿದವರಿಗೆ ಒಂದು, ಅವರ ಮಕ್ಕಳಿಗೆ ಒಂದು, ಮೊಮ್ಮಕ್ಕಳಿಗೆ ಒಂದು. ಹೀಗೆ ಮೂರು ಪುಸ್ತಕ ಅಲ್ವಾ ನೀವು ಹುಡುಕುತ್ತಿರುವುದು? ಮೊಮ್ಮಕ್ಕಳು ದೂರದಲ್ಲಿರುವುದರಿಂದ ನಿಷ್ಪಕ್ಷಪಾತವಾಗಿ ನೋಡುತ್ತಾರೆ ಅಂತಲೂ ಬರೆದಿದ್ದೀರಿ. ನಾನೂ ಇದನ್ನೇ ಹುಡುಕಿದ್ದೆ. ಅದರಿಂದ ನನ್ನ ಒಂದು ಇಡೀ ಸೆಮಿಸ್ಟರ್ ಹೋಯಿತು.

ನಾನು ಬೆಂಗಳೂರಿನಲ್ಲಿ ಜರ್ಮನ್ ಕಲಿತು ಎಂ.ಎ. ಮಾಡಲು ಜರ್ಮನಿಗೆ ಹೋದವಳು. ಹೋದ ಹೊಸದರಲ್ಲೇ ಎಕ್ಸೆಲ್‌ನಲ್ಲಿ ಒಂದು ಪಟ್ಟಿ ಮಾಡಿದೆ. ಲೇಖಕರ ಹೆಸರು, ಪಕ್ಕದಲ್ಲಿ ಹುಟ್ಟಿದ ವರ್ಷ. 1930ಕ್ಕಿಂತ ಮೊದಲು ಹುಟ್ಟಿದವರು ಮೊದಲನೇ ತಲೆಮಾರು. 1950ರವರೆಗಿನವರು ಎರಡನೇದು, 1968ರ ವಿದ್ಯಾರ್ಥಿ ಚಳವಳಿಯವರು. ಆಮೇಲಿನವರೆಲ್ಲ ಮೊಮ್ಮಕ್ಕಳು.

ಎರಡನೇ ಸಾಲಿಗೆ ಒಂದು ಹೆಸರು ಸಿದ್ಧವಾಗಿಯೇ ಇತ್ತು, 'ಫಾಟರ್‌ಲಿಟರಾಟೂರ್'. ಅಪ್ಪಂದಿರನ್ನು ಕುರಿತ ಸಾಹಿತ್ಯ. ಬೆರ್ನ್‌ವಾರ್ಡ್ ಫೆಸ್ಪರ್ ಅವರ 'ದೀ ರೈಝೆ' 1977ರಲ್ಲಿ ಬಂತು, ಅವರು ತೀರಿಕೊಂಡು ಆರು ವರ್ಷವಾದ ಮೇಲೆ. ಅವರಪ್ಪ ನಾಜಿಗಳ ಮೆಚ್ಚಿನ ಕವಿ. 1980ರಲ್ಲಿ ಕ್ರಿಸ್ಟೋಫ್ ಮೆಕೆಲ್ ಅವರ 'ಜೂಖ್‌ಬಿಲ್ಟ್' ಬಂತು. ಅಪ್ಪ ಸತ್ತ ಮೇಲೆ ಅವರ ಯುದ್ಧಕಾಲದ ಡೈರಿ ಮಗನ ಕೈಗೆ ಸಿಗುತ್ತದೆ. ತನಗೆ ಗೊತ್ತಿದ್ದ ಅಪ್ಪ ಇವರಲ್ಲ ಅನ್ನಿಸುತ್ತದೆ. ಮಕ್ಕಳು ಕೇಳುತ್ತಾರೆ, ಅಪ್ಪಂದಿರು ಬಾಯಿ ಬಿಡುವುದಿಲ್ಲ. ನನಗೆ ಅಷ್ಟು ಸಾಕಾಗಿತ್ತು.

ಊವೆ ಟಿಮ್ ಹುಟ್ಟಿದ್ದು 1940ರಲ್ಲಿ. ನನ್ನ ಪಟ್ಟಿಯ ಪ್ರಕಾರ ಎರಡನೇ ತಲೆಮಾರು. ಅವರ 'ಆಮ್ ಬೈಶ್ಪೀಲ್ ಮೈನೆಸ್ ಬ್ರೂಡರ್ಸ್' ಬಂದದ್ದು 2003ರಲ್ಲಿ. ಅದನ್ನು ಹಿಡಿದು ಮಗ ಅಪ್ಪನನ್ನು ವಿಚಾರಣೆ ಮಾಡುವ ಪುಸ್ತಕ ಅಂತ ನಲವತ್ತು ಪುಟ ಬರೆದೆ. ಹ್ಯಾಂಬರ್ಗ್‌ನಲ್ಲಿ ತುಪ್ಪಳದ ಅಂಗಡಿ ಇಟ್ಟಿದ್ದ ಅಪ್ಪ ಅದರಲ್ಲಿ ಇದ್ದೇ ಇದ್ದಾರೆ. ಹಾಗಾಗಿ ಉದಾಹರಣೆಗಳಿಗೂ ಕೊರತೆ ಆಗಲಿಲ್ಲ.

ನನ್ನ ಗೈಡ್ ಅಧ್ಯಾಯ ಓದಿ ಒಂದೇ ಪ್ರಶ್ನೆ ಕೇಳಿದರು: "ಪುಸ್ತಕದ ಹೆಸರಿನಲ್ಲಿ ಅಪ್ಪ ಎಲ್ಲಿದ್ದಾರೆ?"

ಇಲ್ಲ. ಇರುವುದು ಅಣ್ಣ, 'ಬ್ರೂಡರ್'. 1924ರಲ್ಲಿ ಹುಟ್ಟಿದ ಕಾರ್ಲ್ ಹೈಂಟ್ಸ್. ತಾನಾಗಿಯೇ ನಾಜಿಗಳ ಸಶಸ್ತ್ರ ಪಡೆಯಾದ ಎಸ್‌ಎಸ್‌ನ ಟೋಟನ್‌ಕೊಪ್ಫ್ ಡಿವಿಷನ್ ಸೇರಿದ. ಎರಡೂ ಕಾಲು ಕಳೆದುಕೊಂಡು 1943ರಲ್ಲಿ ಉಕ್ರೇನ್‌ನಲ್ಲಿ ಸತ್ತ. ಆಗ ಅವನಿಗೆ ಹತ್ತೊಂಬತ್ತು, ತಮ್ಮನಿಗೆ ಮೂರು. ತಮ್ಮನಿಗೆ ಅವನ ನೆನಪು ಇರುವುದು ಒಂದೇ. ಬೀರುವಿನ ಹಿಂದೆ ಯಾರೋ ಅಡಗಿದ್ದಾರೆ, ಹೊಂಬಣ್ಣದ ಕೂದಲು ಕಾಣುತ್ತಿದೆ. ಆಮೇಲೆ ಯಾರೋ ತನ್ನನ್ನು ಮೇಲಕ್ಕೆ ಎತ್ತಿಕೊಳ್ಳುತ್ತಾರೆ. ಉಳಿದದ್ದೆಲ್ಲ ಅಣ್ಣ ಬಿಟ್ಟು ಹೋದ ಡೈರಿಯಲ್ಲಿದೆ. ಎಪ್ಪತ್ತೈದು ಮೀಟರ್ ದೂರದಲ್ಲಿ ಒಬ್ಬ ರಷ್ಯನ್ ಸಿಗರೇಟು ಸೇದುತ್ತಿದ್ದಾನೆ, ನನ್ನ ಮೆಷಿನ್‌ಗನ್‌ಗೆ ಒಳ್ಳೆಯ ಊಟ, ಅನ್ನುವ ಅರ್ಥದ ಒಂದು ಸಾಲು ಅದರಲ್ಲಿದೆ. ಟಿಮ್ ಎಷ್ಟೋ ಸಲ ಡೈರಿ ತೆರೆದು ಆ ಸಾಲಿಗೆ ಬಂದು ನಿಂತುಬಿಡುತ್ತಿದ್ದರು. ಅಮ್ಮ ಮತ್ತು ಅಕ್ಕ ತೀರಿಕೊಳ್ಳುವವರೆಗೆ ಈ ಪುಸ್ತಕ ಬರೆಯಲು ಅವರಿಗೆ ಆಗಲಿಲ್ಲ.

ನನ್ನ ತಪ್ಪು ಏನು ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಯಲ್ಲೂ ಅದೇ ಇದೆ. ಮನೆಯ ಲೆಕ್ಕದಲ್ಲಿ ಟಿಮ್ ಮತ್ತು ಅಣ್ಣ ಇಬ್ಬರೂ ಒಂದೇ ತಲೆಮಾರು. ಒಂದೇ ತಾಯಿಯ ಮಕ್ಕಳು. ಇತಿಹಾಸದ ಲೆಕ್ಕದಲ್ಲಿ ಒಬ್ಬ ಕೊಂದವನು, ಇನ್ನೊಬ್ಬರು ಯುದ್ಧ ಮುಗಿದಾಗ ಐದು ವರ್ಷದ ಹುಡುಗ. ತಲೆಮಾರಿಗೆ 'ಗೆನೆರಾಟ್ಸಿಯೋನ್' ಅನ್ನುವ ಜರ್ಮನ್ ಪದ ಈ ಎರಡೂ ಲೆಕ್ಕವನ್ನು ಒಂದೇ ಚೀಲಕ್ಕೆ ಹಾಕುತ್ತದೆ. ನಾನು ಆ ಪದವನ್ನು ಹಾಗೇ ನಂಬಿದೆ. ಇಡೀ ಪುಸ್ತಕ ನಿಂತಿರುವುದು ಆ ಹದಿನಾರು ವರ್ಷದ ಅಂತರದ ಮೇಲೆ. ಧೈರ್ಯವಂತ ಅಂತ ಅಪ್ಪ ಸದಾ ಹೊಗಳುತ್ತಿದ್ದ ಅಣ್ಣನನ್ನು ತಮ್ಮ ಹೇಗೆ ನೋಡಬೇಕು? ಅಪ್ಪನ ಮೇಲೆ ಸಿಟ್ಟು ಮಾಡಿಕೊಳ್ಳುವುದಕ್ಕೆ ಒಂದು ದಾರಿ ಇದೆ. ಎತ್ತಿಕೊಂಡ ಅಣ್ಣನ ಮೇಲೆ? ನನ್ನ ಪಟ್ಟಿಯಲ್ಲಿ ಈ ಪ್ರಶ್ನೆಗೆ ಒಂದು ಕಾಲಂ ಕೂಡ ಇರಲಿಲ್ಲ.

ನನಗೆ ಜಾಸ್ತಿ ನೋವಾದದ್ದು ಇದನ್ನು ನಾನು ಮನೆಯಲ್ಲೇ ಕಲಿತಿದ್ದೆ ಅನ್ನುವುದಕ್ಕೆ. ನಮ್ಮಜ್ಜನ ಕೊನೆಯ ತಮ್ಮನ ಮಗ ನನಗಿಂತ ಎರಡು ವರ್ಷ ಚಿಕ್ಕವನು. ವರಸೆಯಲ್ಲಿ ಚಿಕ್ಕಪ್ಪ, ವಯಸ್ಸಿನಲ್ಲಿ ನನ್ನ ಓರಗೆಯವನು. ಹಬ್ಬದ ದಿನ ಅವನ ಕಾಲಿಗೆ ನಮಸ್ಕಾರ ಮಾಡಿ, ಮಧ್ಯಾಹ್ನ ಅವನ ಜೊತೆ ಕ್ರಿಕೆಟ್ ಆಡುತ್ತಿದ್ದೆ. ವರಸೆ ಬೇರೆ, ಓರಗೆ ಬೇರೆ ಅಂತ ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಜರ್ಮನ್‌ನಲ್ಲಿ ಓದಲು ಕೂತಾಗ ಅದನ್ನು ಮರೆತೆ.

ಆ ನಲವತ್ತು ಪುಟ ತೆಗೆದು ಹಾಕಿದೆ. ಅಷ್ಟರಲ್ಲಿ ಸ್ಕಾಲರ್‌ಶಿಪ್ ಮುಗಿದಿತ್ತು. ಬೆಳಗಿನ ಜಾವ ಬೇಕರಿಯಲ್ಲಿ ಕೆಲಸ ಮಾಡಿ ಮಧ್ಯಾಹ್ನ ಮತ್ತೆ ಬರೆದೆ.

ಆಮೇಲೆ ಸಮಾಜಶಾಸ್ತ್ರಜ್ಞ ಕಾರ್ಲ್ ಮಾನ್‌ಹೈಮ್ ಅವರು ತಲೆಮಾರುಗಳ ಬಗ್ಗೆ ಬರೆದ 1928ರ ಪ್ರಬಂಧವನ್ನು ಮೊದಲಿಂದ ಕೊನೆವರೆಗೆ ಓದಿದೆ. ಅಲ್ಲಿಯವರೆಗೆ ಬೇರೆಯವರ ಪುಸ್ತಕದಲ್ಲಿ ಸಿಕ್ಕ ಉಲ್ಲೇಖವನ್ನೇ ಎತ್ತಿ ಹಾಕಿದ್ದೆ. ಒಂದೇ ಕಾಲದಲ್ಲಿ ಹುಟ್ಟಿದ ಮಾತ್ರಕ್ಕೆ ಒಂದು ತಲೆಮಾರು ಆಗುವುದಿಲ್ಲ ಅಂತ ಅವರು ಅವತ್ತೇ ಹೇಳಿದ್ದಾರೆ. 1800ರ ಸುಮಾರಿನ ಚೀನಾದ ಯುವಕರನ್ನೂ ಜರ್ಮನಿಯ ಯುವಕರನ್ನೂ ಒಟ್ಟಿಗೆ ಸೇರಿಸಲಾಗದು ಅನ್ನುತ್ತಾರೆ. ಒಂದೇ ತಲೆಮಾರಿನ ಒಳಗೂ ಒಂದೇ ಸಂಕಟಕ್ಕೆ ತದ್ವಿರುದ್ಧವಾಗಿ ಸ್ಪಂದಿಸುವ ಗುಂಪುಗಳಿರುತ್ತವೆ. ದಯವಿಟ್ಟು ಇದನ್ನು ಮೂಲದಲ್ಲೇ ಓದಿ.

ಹಾಗಾಗಿ ಯಾವ ಮೂರು ಪುಸ್ತಕ ಅನ್ನುವುದಕ್ಕೆ ನಾನು ಉತ್ತರ ಕೊಡುವುದಿಲ್ಲ. ಮೂರು ಬೇಡ. ಒಂದು ಪುಸ್ತಕ ತಗೊಳ್ಳಿ, ಒಂದು ಮನೆ ತಗೊಳ್ಳಿ. ಮೊಮ್ಮಕ್ಕಳು ದೂರದಲ್ಲಿರುವುದರಿಂದ ನಿಷ್ಪಕ್ಷಪಾತವಾಗಿ ನೋಡುತ್ತಾರೆ ಅಂತ ನೀವು ಬರೆದಿದ್ದೀರಲ್ಲ, ಅದನ್ನಂತೂ ಬಿಟ್ಟುಬಿಡಿ. ಸಾಮಾಜಿಕ ಮನಶ್ಶಾಸ್ತ್ರಜ್ಞ ಹರಾಲ್ಡ್ ವೆಲ್ಟ್ಸರ್ ಮತ್ತು ಜೊತೆಗಾರರು ನಲವತ್ತು ಕುಟುಂಬಗಳ ಜೊತೆ ಮಾತಾಡಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದು ಬೇರೆ. ಅಜ್ಜ ಹೇಳಿದ ಕಥೆ ಮೊಮ್ಮಕ್ಕಳ ಬಾಯಿಗೆ ಬರುವ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಅಜ್ಜ ಒಳ್ಳೆಯವನಾಗಿರುತ್ತಾನೆ, ಕೆಲವು ಕಡೆ ವೀರನೂ ಆಗಿರುತ್ತಾನೆ. ಅದೇ ವರ್ಷ ಬಂದ ಗುಂಟರ್ ಗ್ರಾಸ್ ಅವರ 'ಇಮ್ ಕ್ರೆಬ್ಸ್‌ಗಾಂಗ್' ಕೂಡ ಇದನ್ನೇ ತೋರಿಸುತ್ತದೆ. ಮುಳುಗಿದ ಹಡಗಿನ ಕಥೆಯನ್ನು ಅಜ್ಜಿ ನೇರವಾಗಿ ಮೊಮ್ಮಗನಿಗೆ ದಾಟಿಸುತ್ತಾಳೆ. ಮಧ್ಯದ ತಲೆಮಾರಿನ ಮಗ ಸುಮ್ನೆ ನೋಡುತ್ತಾ ಉಳಿಯುತ್ತಾನೆ. ಮೊಮ್ಮಗ ಕೊನೆಗೆ ಕೊಲೆ ಮಾಡುತ್ತಾನೆ.

ಒಂದೇ ಪುಸ್ತಕದಲ್ಲಿ ಎಲ್ಲ ತಲೆಮಾರೂ ಬೇಕು ಅಂದರೆ ಓಯ್ಗೆನ್ ರೂಗೆ ಅವರ 2011ರ 'ಇನ್ ತ್ಸೈಟನ್ ಡೆಸ್ ಆಬ್‌ನೇಮೆಂಡನ್ ಲಿಖ್ಟ್ಸ್' ಹಿಡಿಯಿರಿ. ಪೂರ್ವ ಜರ್ಮನಿಯ ಒಂದು ಕುಟುಂಬ, ನಾಲ್ಕು ತಲೆಮಾರು. 1989ರ ಅಕ್ಟೋಬರ್ 1ರಂದು ಮುತ್ತಜ್ಜನಿಗೆ ತೊಂಬತ್ತು ವರ್ಷ ತುಂಬುತ್ತದೆ. ಆ ಒಂದೇ ದಿನವನ್ನು ಮನೆಯ ಒಬ್ಬೊಬ್ಬರ ಕಣ್ಣಿನಿಂದ ಮತ್ತೆ ಮತ್ತೆ ನೋಡುತ್ತೇವೆ. ಮೊಮ್ಮಗ ಸಮಾರಂಭಕ್ಕೆ ಬರುವುದಿಲ್ಲ, ಪಶ್ಚಿಮಕ್ಕೆ ಓಡಿಹೋಗಿದ್ದಾನೆ. ಮೊದಲು ಕಾಗದದ ಮೇಲೆ ಆ ಮನೆಯ ವರಸೆ ಬರೆಯಿರಿ. ಅದರ ಪಕ್ಕದಲ್ಲಿ ಪ್ರತಿಯೊಬ್ಬರಿಗೂ ಇಪ್ಪತ್ತು ವರ್ಷವಾದಾಗ ದೇಶದಲ್ಲಿ ಏನು ನಡೆಯುತ್ತಿತ್ತು ಅಂತ ಬರೆಯಿರಿ. ಎರಡೂ ಎಲ್ಲಿ ಹೊಂದುವುದಿಲ್ಲವೋ ಅಲ್ಲಿಂದ ಅಧ್ಯಾಯ ಶುರು ಮಾಡಿ.

ಯಾವುದನ್ನು ಹಿಡಿದಿರಿ ಅಂತ ತಿಳಿಸಿ. ಟಿಮ್ ಆದರೆ ನನ್ನ ಟಿಪ್ಪಣಿಗಳನ್ನು ಕಳಿಸುತ್ತೇನೆ. ಆ ನಲವತ್ತು ಪುಟದ್ದಲ್ಲ, ಎರಡನೇ ಸಲ ಓದಿದಾಗ ಮಾಡಿಕೊಂಡದ್ದು.